ಸಾವಿರ ಕೋಟಿ ಪ್ರಯಾಣಿಕರು

ಈ ಬರಹವನ್ನು ಯಾರು ಬರೆಯಬೇಕು ಅನ್ನೋದಕ್ಕೇ ನಮ್ಮಲ್ಲಿ ಮೂರು ದಿನ ಜಗಳ ಆಯ್ತು. ಕನ್ನಡ ಸಂಘದವರು ‘ಪ್ರಾಜೆಕ್ಟ್ ಬಗ್ಗೆ ಏನಾದ್ರೂ ಬರ್ಕೊಡಿ’ ಅಂದಾಗ ಒಬ್ಬರ ಮುಖ ಇನ್ನೊಬ್ಬರು ನೋಡಿದೆವು. ತಪ್ಪು ಮಾಡಿದ್ದು ನಾಲ್ಕೂ ಜನ, ಹಾಗಾಗಿ ಬರೆಯೋದೂ ನಾಲ್ಕೂ ಜನ ಅಂತ ಕೊನೆಗೆ ತೀರ್ಮಾನವಾಯಿತು. ಇಲ್ಲಿ ‘ನಾವು’ ಅಂದರೆ ಎಲೆಕ್ಟ್ರಾನಿಕ್ಸ್‌ನ ಮೂವರು, ಬಯೋಟೆಕ್ನಾಲಜಿಯ ಒಬ್ಬಳು. ಊರಿನ ಲೆಕ್ಕದಲ್ಲಿ ಹೇಳೋದಾದರೆ ಒಬ್ಬ ಲಕ್ಕವಳ್ಳಿಯವನು, ಒಬ್ಬ ಬೈಲಹೊಂಗಲದವನು, ಒಬ್ಬಳು ಹಾಸನದವಳು, ಬಯೋಟೆಕ್‌ನವಳು ಮಾತ್ರ ಹುಟ್ಟಾ ಬೆಂಗಳೂರಿನವಳು. ಹೆಸರು ಬೇಡ ಅಂತಲೂ ತೀರ್ಮಾನವಾಗಿದೆ. ಓದಿದ ಮೇಲೆ ಕಾರಣ ಗೊತ್ತಾಗುತ್ತದೆ.

ಲಕ್ಕವಳ್ಳಿ ಅಂದ ಕೂಡಲೇ ಎಲ್ಲರಿಗೂ ಭದ್ರಾ ಡ್ಯಾಮ್ ನೆನಪಾಗುತ್ತದೆ. 186 ಅಡಿ ನೀರು, 71.5 ಟಿಎಂಸಿ, ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿಗಳು, ಆಚೆ ದಡಕ್ಕೆ ಹುಲಿ ಕಾಡು. ಡ್ಯಾಮಿನ ಬುಡದಲ್ಲಿರೋ ಊರಿನವನಿಗೆ ನೀರಿನ ಚಿಂತೆ ಎಲ್ಲಿಂದ ಬರಬೇಕು ಅಂತ ನಾವೂ ಅಂದುಕೊಂಡಿದ್ದೆವು. ನಮ್ಮ ಲಕ್ಕವಳ್ಳಿಯವನ ಮನೆಗೆ ಹೋದ ಮೇಲೆ ವಿಷಯ ಗೊತ್ತಾಯ್ತು. ಅವರ ಎರಡೆಕರೆ ಹೊಲ ಚಾನಲ್‌ಗಿಂತ ಮೇಲಿದೆ. ನೀರು ಕೆಳಗೆ ಹರಿದು ಭದ್ರಾವತಿ, ದಾವಣಗೆರೆ, ಹರಿಹರದ ಗದ್ದೆಗಳಿಗೆ ಹೋಗುತ್ತದೆ. ಇವರು ಬದುವಿನ ಮೇಲೆ ನಿಂತು ಅದನ್ನು ನೋಡಬಹುದು, ಅಷ್ಟೆ. ಅವನ ಅಜ್ಜಿ ಹುಟ್ಟಿದ ಊರು ಈಗ ಹಿನ್ನೀರಿನ ಕೆಳಗಿದೆ. ‘ನಮ್ದು ಒಂದು ಹೊಲ ನೀರೊಳಗೈತೆ, ಇನ್ನೊಂದಕ್ಕೆ ನೀರಿಲ್ಲ’ ಅಂತ ಅಜ್ಜಿ ನಗ್ತಾ ಹೇಳಿದರು. ಸಾವಿರ ಸಲ ಹೇಳಿ ನುಣುಪಾದ ಮಾತು ಅದು, ನಮಗೆ ನಗು ಬರಲಿಲ್ಲ.

2023ರಲ್ಲಿ ನಾವು ನಾಲ್ಕನೇ ಸೆಮಿಸ್ಟರ್ ಮುಗಿಸಿದ್ದೆವು. ಮಿನಿ ಪ್ರಾಜೆಕ್ಟ್‌ಗೆ ಏನಾದರೂ ಬೇಕಿತ್ತು. ಮಣ್ಣಿನ ತೇವ ಅಳೆಯೋ ಸೆನ್ಸರ್ ಎಲ್ಲರೂ ಮಾಡ್ತಾರೆ, ಅದಕ್ಕೆ ಸ್ವಲ್ಪ ಜೀವಶಾಸ್ತ್ರ ಸೇರಿಸಿದರೆ ಮಾರ್ಕ್ಸ್ ಬರುತ್ತೆ ಅಂತ ಬೆಂಗಳೂರಿನವಳು ಐಡಿಯಾ ಕೊಟ್ಟಳು. ಸೋಯಾ ಅವರೆಯ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾಗಳು ಚಳಿ ಮತ್ತು ಬರ ತಡೆದುಕೊಳ್ಳಲು ಗಿಡಕ್ಕೆ ಸಹಾಯ ಮಾಡುತ್ತವೆ ಅಂತ ಅವಳು ಎಲ್ಲೋ ಓದಿದ್ದಳು. ಶೀರ್ಷಿಕೆಯನ್ನೂ ಹಾಗೇ ಇಟ್ಟೆವು, ಚಳಿ ಸಮೇತ. ಲಕ್ಕವಳ್ಳಿಯಲ್ಲಿ ಯಾವ ಚಳಿ ಅಂತ ಆಗ ಯಾರೂ ಕೇಳಲಿಲ್ಲ. ಕೇಳೋ ಮನುಷ್ಯ ಎರಡು ವರ್ಷ ಆದಮೇಲೆ ವೈವಾದಲ್ಲಿ ಸಿಕ್ಕ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕ ಇದ್ದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ಎರಡು ಸಾರಜನಕ ಪರಮಾಣುಗಳು ಮೂರು ಎಳೆ ಹಗ್ಗ ಬಿಗಿದಂತೆ ಅಂಟಿಕೊಂಡಿರುತ್ತವೆ. ಗೊಬ್ಬರದ ಕಾರ್ಖಾನೆಯಲ್ಲಿ ಆ ಗಂಟು ಬಿಚ್ಚಲು 400–500 ಡಿಗ್ರಿ ಬಿಸಿ, ಜತೆಗೆ ವಾತಾವರಣದ ಒತ್ತಡದ ಇನ್ನೂರು ಪಟ್ಟು ಒತ್ತಡ ಬೇಕು. ಅದೇ ಕೆಲಸವನ್ನು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಹೊಲದ ಮಣ್ಣಿನ ತಂಪಿನಲ್ಲೇ ಮಾಡಿ ಮುಗಿಸುತ್ತದೆ. 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ ಬಟಾಣಿಯಂಥ ಗಿಡಗಳ ಬೇರುಗಂಟಿಗೂ ಸಾರಜನಕಕ್ಕೂ ಸಂಬಂಧ ಇದೆ ಅಂತ ತೋರಿಸಿದರು. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ನಮ್ಮ ರೈತರಿಗೆ ಇದರ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ರಾಗಿ ಸಾಲುಗಳ ನಡುವೆ ಅವರೆ, ಅಲಸಂದೆ, ತೊಗರಿಯ ಅಕ್ಕಡಿ ಹಾಕೋದು ಇವತ್ತಿನದಲ್ಲ.

ಸೋಯಾ ಯಾಕೆ ಅಂತ ಅಪ್ಪಾಜಿ ಕೇಳಿದರು. (ಲಕ್ಕವಳ್ಳಿಯವನ ಅಪ್ಪ. ಮೊದಲು ನಾವು ‘ಅಂಕಲ್’ ಅಂದೆವು. ಅಜ್ಜಿಗೆ ಸಿಟ್ಟು ಬಂತು. ಆಮೇಲೆ ಅವನು ಕರೆದ ಹಾಗೇ ನಾವೂ ಅಪ್ಪಾಜಿ ಅಂದೆವು.) ‘ಈ ಕಡೆ ಯಾರೂ ಬೆಳೆಯಲ್ವಲ್ಲಪ್ಪಾ?’ ಅದಕ್ಕೆ ಬೈಲಹೊಂಗಲದವನು, ‘ನಮ್ಮ ಕಡೆ ಮುಂಗಾರಿಗೆ ಎಲ್ಲಿ ನೋಡಿದ್ರೂ ಸೋಯಾನ ಐತ್ರಿ, ಅಪ್ಪಾಜಿ. ಬಿತ್ತೂದು, ಎರಡು ಸಲ ಎಡಿ ಹೊಡಿಯೂದು, ನೂರು ದಿನಕ್ಕ ರಾಶಿ’ ಅಂದ. ಅವನ ಮನೆಯಿಂದಲೇ ಜೆಎಸ್ 335 ಬೀಜ ತಂದಿದ್ದ. ಅಪ್ಪಾಜಿ ಅರ್ಧ ಎಕರೆ ಬಿಟ್ಟುಕೊಟ್ಟರು. ಆ ಅರ್ಧ ಎಕರೆಯಲ್ಲಿ ಅವರು ಪ್ರತಿ ವರ್ಷ ಅಲಸಂದೆ ಹಾಕಿ, ಅದು ಕಿತ್ತ ಮೇಲೆ ಹುರುಳಿ ಚೆಲ್ಲುತ್ತಿದ್ದರು. ಮನೆಗೆ ವರ್ಷಪೂರ್ತಿ ಸಾರಿಗೆ ಕಾಳು ಬರ್ತಿದ್ದದ್ದು ಅಲ್ಲಿಂದಲೇ. ಇದು ನಮಗೆ ಗೊತ್ತಾಗಿದ್ದು ಆಮೇಲೆ.

ಬೆಂಗಳೂರಿನಿಂದ ಹೊರಟ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೋಯಾಕ್ಕೆ ಬೇಕಾದ ಬ್ಯಾಕ್ಟೀರಿಯಾದ ಹೆಸರು ಬ್ರಾಡಿರೈಜೋಬಿಯಂ. ಇದ್ದಿಲ ಪುಡಿಯಂಥ ಕಪ್ಪು ಪುಡಿಯಲ್ಲಿ ಸೇರಿಸಿ 200 ಗ್ರಾಂ ಪಾಕೆಟ್ ಮಾಡಿ ಮಾರುತ್ತಾರೆ. ಸರ್ಕಾರದ ನಿಯಮದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಅಂದರೆ ಒಂದು ಪಾಕೆಟ್‌ನಲ್ಲಿ ಸಾವಿರ ಕೋಟಿ. ಅಂಥ ಎರಡು ಪಾಕೆಟ್ ಕೊಂಡು, ಸರ್ಕ್ಯೂಟ್ ಬೋರ್ಡ್ ಇದ್ದ ಬ್ಯಾಗಿನಲ್ಲೇ ಹಾಕಿಕೊಂಡು ಬಸ್ ಹತ್ತಿದೆವು. ಶಕ್ತಿ ಯೋಜನೆ ಶುರುವಾಗಿ ಒಂದು ತಿಂಗಳು ಆಗಿತ್ತಷ್ಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮಲ್ಲಿ ಇಬ್ಬರಿಗೆ ಟಿಕೆಟ್ ಇಲ್ಲ, ಇಬ್ಬರಿಗೆ ಸೀಟಿಲ್ಲ. ಬೋರ್ಡ್ ಮುರಿಯಬಾರದು ಅಂತ ಬ್ಯಾಗನ್ನು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಟ್ಟೆವು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು ದಾಟಿ ತರೀಕೆರೆ ತಲುಪೋವರೆಗೂ ಅದು ಅಲ್ಲೇ ಇತ್ತು. ತರೀಕೆರೆಯಲ್ಲಿ ಇಳಿಸುವಾಗ ಬ್ಯಾಗಿನ ತಳ ಇಸ್ತ್ರಿ ಪೆಟ್ಟಿಗೆಯ ಹಾಗೆ ಸುಡ್ತಿತ್ತು. ಹಾಸನದವಳು ಮೊದಲು ಬೋರ್ಡ್ ಮುಟ್ಟಿ ನೋಡಿದಳು. ಬೋರ್ಡ್ ಸರಿಯಿತ್ತು. ‘ಸದ್ಯ’ ಅಂತ ಎಲ್ಲರೂ ಉಸಿರು ಬಿಟ್ಟೆವು.

ಜುಲೈ ಮಧ್ಯದಲ್ಲಿ ಒಳ್ಳೆ ಮಳೆ ಬಿತ್ತು. ಬೆಲ್ಲದ ನೀರಿಗೆ ಕಪ್ಪು ಪುಡಿ ಕಲಸಿ ಬೀಜಕ್ಕೆ ಲೇಪಿಸಿ ಬಿತ್ತಿದೆವು. ಅರ್ಧ ಎಕರೆಗೆ ಒಂದೇ ಪಾಕೆಟ್ ಸಾಕಾಯ್ತು, ಇನ್ನೊಂದು ಬ್ಯಾಗಿನಲ್ಲೇ ಉಳಿಯಿತು. ಮೊಳಕೆ ಅದ್ಭುತವಾಗಿ ಬಂತು. ಸೆನ್ಸರ್ ಹೂತು ಫೋಟೋ ಹೊಡೆದು ಊಟಕ್ಕೆ ಕೂತೆವು. ಅಕ್ಕಿರೊಟ್ಟಿ, ಡ್ಯಾಮಿನ ಮೀನಿನ ಸಾರು. ಪ್ರಾಜೆಕ್ಟ್ ಅಂದ್ರೆ ಹೀಗಿರಬೇಕು ಅನ್ನಿಸಿತು.

ಆಗಸ್ಟ್ ಬಂತು. ಮಳೆ ಬರಲಿಲ್ಲ. 1901ರಿಂದ ಲೆಕ್ಕ ಇಟ್ಟ ಮೇಲೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ ಅಂತ ಹವಾಮಾನ ಇಲಾಖೆ ಆಮೇಲೆ ಹೇಳಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಅಂತ ಘೋಷಣೆಯಾದವು. ಎರಡನೇ ವಾರ ಅಪ್ಪಾಜಿ ಫೋನ್ ಮಾಡಿದರು. ‘ಸೋಯಾ ಎಲೆ ಹಳದಿ ತಿರುಗ್ತಾ ಐತೆ ಕಣ್ರಪ್ಪಾ. ಒಂದಿಷ್ಟು ಯೂರಿಯ ಕೊಡ್ಲಾ?’

ಈ ಫೋನ್ ಕರೆ ನಮಗೆ ಮರೆಯೋಕೆ ಆಗಲ್ಲ. ಪುಸ್ತಕದಲ್ಲಿ ಏನಿದೆ ಅಂದರೆ, ಮಣ್ಣಿನಲ್ಲಿ ಯೂರಿಯ ಜಾಸ್ತಿ ಸಿಕ್ಕರೆ ಗಿಡ ಬೇರುಗಂಟು ಕಟ್ಟೋದನ್ನೇ ಕಡಿಮೆ ಮಾಡುತ್ತದೆ. ಮನೆಯಲ್ಲಿ ಊಟ ರೆಡಿ ಇದ್ರೆ ಅಡುಗೆಯವರನ್ನು ಯಾಕೆ ಇಟ್ಕೋಬೇಕು, ಆ ಥರ. ಅದು ನಿಜವೂ ಹೌದು. ಅದನ್ನೇ ನಾವು ದೊಡ್ಡ ಜಾಣರ ಹಾಗೆ ಹೇಳಿದೆವು: ‘ಬೇಡ ಅಪ್ಪಾಜಿ, ಹಾಕ್ಬೇಡಿ, ಗಂಟು ಕೆಲಸ ಶುರು ಮಾಡುತ್ತೆ, ಸ್ವಲ್ಪ ಕಾಯಿರಿ.’ ಒಂದು ಗಿಡ ಕಿತ್ತು ಬೇರು ನೋಡಿ ಅಂತ ಹೇಳೋಕೆ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವರು ನಮ್ಮ ಮಾತು ನಂಬಿ ಕಾದರು. ಮಣ್ಣಿನಲ್ಲಿ ಒಂಚೂರು ತೇವ ಇದ್ದ ಕೊನೆಯ ದಿನಗಳು ಅವು. ಆಮೇಲೆ ಯೂರಿಯ ಹಾಕಿದರೂ ಕರಗೋಕೆ ನೀರಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ರಜೆಗೆ ಹೋದೆವು. ಹೊಲ ನೋಡಿದಾಗ ಮಾತು ಬರಲಿಲ್ಲ. ಗೇಣುದ್ದದ ಗಿಡಗಳು, ನಿಂಬೆಹಣ್ಣಿನ ಬಣ್ಣ. ಬೆಂಗಳೂರಿನವಳು ಮೊಣಕಾಲೂರಿ ಕೂತು ಒಂದು ಗಿಡ ಕಿತ್ತಳು. ಬೇರು ನುಣ್ಣಗೆ, ಕೂದಲಿನ ಹಾಗಿತ್ತು. ಇನ್ನೊಂದು, ಮತ್ತೊಂದು. ಹತ್ತಿಪ್ಪತ್ತು ಗಿಡ ಕಿತ್ತರೂ ಸಿಕ್ಕಿದ್ದು ಬೆರಳಲ್ಲಿ ಎಣಿಸುವಷ್ಟು ಗಂಟು, ಅವೂ ಸಾಸಿವೆ ಗಾತ್ರದವು. ಬದುವಿನ ಮೇಲೆ ಅಮ್ಮ ಹಾಕಿದ್ದ ನಾಲ್ಕು ಅಲಸಂದೆ ಬಳ್ಳಿ ಇದ್ದವು. ಬಾಡಿದ್ದವು, ಆದರೆ ಹಸಿರಾಗಿದ್ದವು. ಅಪ್ಪಾಜಿ ಏನೂ ಹೇಳದೆ ಒಂದನ್ನು ಕಿತ್ತು ಬೇರು ಕೊಡವಿ ನಮ್ಮ ಮುಂದೆ ಹಿಡಿದರು. ತುಂಬಾ ಗಂಟು. ಪಾಕೆಟ್ ಇಲ್ಲ, ಬೆಲ್ಲ ಇಲ್ಲ, ಸೆನ್ಸರ್ ಇಲ್ಲ.

ಅದರ ಕಾರಣ ಆಮೇಲೆ ಓದಿ ತಿಳಿಯಿತು. ಅಲಸಂದೆ, ಹೆಸರು, ಹುರುಳಿ, ಅವರೆ ಇವೆಲ್ಲ ನಮ್ಮ ಮಣ್ಣಿನಲ್ಲಿ ಮೊದಲಿಂದಲೂ ಇರುವ ಬ್ಯಾಕ್ಟೀರಿಯಾಗಳ ಜತೆ ಹೊಂದಿಕೊಂಡು ಹೋಗುತ್ತವೆ. ಸೋಯಾ ಚೀನಾ ಕಡೆಯಿಂದ ಬಂದ ಬೆಳೆ, ಅದಕ್ಕೆ ಅದರದೇ ಬ್ಯಾಕ್ಟೀರಿಯಾ ಬೇಕು. ನಮ್ಮ ಕ್ಲಾಸಿನ ಭಾಷೆಯಲ್ಲಿ ಹೇಳೋದಾದರೆ ಇದು ಹ್ಯಾಂಡ್‌ಶೇಕ್ ಪ್ರೋಟೋಕಾಲ್. ಬೇರು ಮೊದಲು ಜೆನಿಸ್ಟೀನ್‌ನಂಥ ರಾಸಾಯನಿಕ ಬಿಟ್ಟು ಕರೆಯುತ್ತದೆ. ಅದನ್ನು ಗುರುತಿಸುವ ಬ್ಯಾಕ್ಟೀರಿಯಾ ಮಾತ್ರ ‘ನಾಡ್ ಫ್ಯಾಕ್ಟರ್’ ಅನ್ನೋ ಉತ್ತರ ಕಳಿಸುತ್ತದೆ. ಉತ್ತರ ಸರಿಯಿದ್ದರೆ ಬೇರಿನ ಎಳೆ ಸುರುಳಿ ಸುತ್ತಿಕೊಂಡು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಪಾಸ್‌ವರ್ಡ್ ತಪ್ಪಿದರೆ ಬಾಗಿಲು ತೆಗೆಯಲ್ಲ. ಬೈಲಹೊಂಗಲದವನ ಹೊಲದಲ್ಲಿ ಎಷ್ಟೋ ವರ್ಷದಿಂದ ಸೋಯಾ ಬೆಳೆದು ಮಣ್ಣಲ್ಲೇ ಆ ಬ್ಯಾಕ್ಟೀರಿಯಾ ನೆಲೆಸಿದೆ. ಅದಕ್ಕೇ ಅವರಪ್ಪ ಪಾಕೆಟ್ ಮುಖ ನೋಡದಿದ್ದರೂ ಬೆಳೆ ಬರುತ್ತಿತ್ತು. ಲಕ್ಕವಳ್ಳಿಯ ಆ ಕೆಂಪು ಮಣ್ಣು ಅವತ್ತಿನವರೆಗೆ ಸೋಯಾ ಕಂಡಿರಲಿಲ್ಲ. ಇದ್ದ ಆಸರೆ ಅಂದರೆ ನಮ್ಮ ಪಾಕೆಟ್ ಒಂದೇ.

ಪಾಕೆಟ್ ಏನಾಯ್ತು? ಉಳಿದಿದ್ದ ಎರಡನೇ ಪಾಕೆಟ್ಟನ್ನು ಬೆಂಗಳೂರಿನವಳು ಲ್ಯಾಬಿಗೆ ತಗೊಂಡು ಹೋಗಿ ಅಗರ್ ತಟ್ಟೆಯಲ್ಲಿ ಕಾಂಗೋ ರೆಡ್ ಬಣ್ಣ ಹಾಕಿ ಬೆಳೆಸಲು ನೋಡಿದಳು. ಬ್ರಾಡಿರೈಜೋಬಿಯಂ ನಿಧಾನಸ್ಥ, ಕಾಣಿಸಿಕೊಳ್ಳಲು ವಾರದ ಮೇಲೆ ಹಿಡಿಯುತ್ತದೆ, ಬಣ್ಣವನ್ನೂ ಅಷ್ಟಾಗಿ ಹೀರಿಕೊಳ್ಳಲ್ಲ. ಹತ್ತು ದಿನವಾದರೂ ತಟ್ಟೆಯಲ್ಲಿ ಬಂದದ್ದು ಕೆಂಪಗೆ ಬಣ್ಣ ಹೀರಿದ ಎಲ್ಲಿಂದಲೋ ಬಂದ ಕಸದ ಕಾಲೊನಿಗಳು ಮಾತ್ರ. ಪಾಕೆಟ್ ಹಿಂಭಾಗದಲ್ಲಿ, ನಾವು ಓದದ ಕಡೆ, ಬಿಸಿಲು ಮತ್ತು ಶಾಖದಿಂದ ದೂರವಿಡಿ ಅಂತ ಕನ್ನಡದಲ್ಲೇ ಅಚ್ಚಾಗಿತ್ತು. ಬಾನೆಟ್ ನೆನಪಾಯ್ತು. ಬೋರ್ಡ್ ಮುಟ್ಟಿ ನೋಡಿ ‘ಸದ್ಯ’ ಅಂದಿದ್ದೂ ನೆನಪಾಯ್ತು. ಸಾವಿರ ಕೋಟಿ ಪ್ರಯಾಣಿಕರು ತಿಪಟೂರು ದಾಟುವ ಹೊತ್ತಿಗೆ ಸತ್ತಿದ್ದರು, ಸತ್ತವರನ್ನು ನಾವು ಬೆಲ್ಲ ಹಚ್ಚಿ ಬಿತ್ತಿದ್ದೆವು.

ಇದನ್ನು ಮನೆಯಲ್ಲಿ ಹೇಳಲೇಬೇಕಿತ್ತು. ಗೌರಿ ಹಬ್ಬಕ್ಕೆ ಹೋಗಿ ಹೇಳಿದೆವು. ಅಜ್ಜಿ ಅಡಿಕೆ ಕುಟ್ಟೋದು ನಿಲ್ಲಿಸಿ, ‘ಜೀವ ಇರೋ ವಸ್ತು ಅಂತ ನೀವೇ ಹೇಳಿದ್ರಲ್ರೋ. ಕೋಳಿಮರಿ ಆಗಿದ್ರೆ ಇಂಜಿನ್ ಮ್ಯಾಲೆ ಇಡ್ತಿದ್ರಾ?’ ಅಂದರು. ಅಪ್ಪಾಜಿ ಎದ್ದು ಹೊರಗೆ ಹೋದರು. ನಮಗೆ ಒಂದು ಮಾತೂ ಅನ್ನಲಿಲ್ಲ. ಮಗನ ಜತೆ ಮಾತ್ರ ಮೂರು ವಾರ ಮಾತಾಡಲಿಲ್ಲ. ಆ ವರ್ಷ ಅವರು ಕಾಳನ್ನು ತರೀಕೆರೆ ಅಂಗಡಿಯಿಂದ ಕೊಂಡು ತಂದರು. ಅಕ್ಕಪಕ್ಕದವರೆಲ್ಲ ಬೋರ್ ಕೊರೆಸಿ ಅಡಿಕೆ ಇಡ್ತಿದ್ದಾರೆ, ನಾವೂ ಸಾಲ ಮಾಡಿ ಕೊರೆಸೋಣ ಅಂತ ಮನೆಯಲ್ಲಿ ಮಾತು ಶುರುವಾಯ್ತು ಅಂತ ಲಕ್ಕವಳ್ಳಿಯವನು ಹಾಸ್ಟೆಲಿನಲ್ಲಿ ಒಂದು ರಾತ್ರಿ ಹೇಳಿದ. ಅರ್ಧ ಎಕರೆ ಅಷ್ಟೇ ಅಲ್ವಾ ಅಂತ ಯಾರಿಗಾದರೂ ಅನ್ನಿಸಬಹುದು. ಇರೋದೇ ಎರಡೆಕರೆ.

ನಾವು ಕೈಯಲ್ಲಿದ್ದ ದುಡ್ಡು ಕೂಡಿಸಿ ಕೊಡಲು ಹೋದೆವು. ಅಪ್ಪಾಜಿ ಕವರ್ ಮುಟ್ಟಲಿಲ್ಲ. ‘ನಿಮ್ಮ ಓದಿನ ದುಡ್ಡು ನಂಗ್ಯಾಕೆ? ಬರೋ ವರ್ಷ ಬಂದು ಕಳೆ ಕೀಳ್ರಿ’ ಅಂದರು. ಬೈಗುಳವೋ ಆಹ್ವಾನವೋ ಗೊತ್ತಾಗದೆ ವಾಪಸ್ ಬಂದೆವು.

2024ರ ಜೂನ್ ಕೊನೆಗೆ ಮತ್ತೆ ಹೊರಟೆವು. ಈ ಸಲ ರಾತ್ರಿ ರೈಲು. ಪಾಕೆಟ್‌ಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಸುತ್ತ ಒದ್ದೆ ಟವೆಲ್ ಸುತ್ತಿ, ನಾಲ್ವರೂ ಪಾಳಿಯ ಮೇಲೆ ಎದ್ದು ಟವೆಲ್ ಒಣಗಿದೆಯಾ ಅಂತ ನೋಡಿದೆವು. ಪಕ್ಕದ ಬರ್ತಿನವರು ಕೇಳಿದಾಗ ಬೈಲಹೊಂಗಲದವನು ‘ಕೂಸು ಐತ್ರಿ’ ಅಂದುಬಿಟ್ಟ. ಬೆಳಗಿನ ಜಾವ ತರೀಕೆರೆಯಲ್ಲಿ ಇಳಿದು ಮೊದಲ ಬಸ್ಸಿಗೆ ಲಕ್ಕವಳ್ಳಿ ಸೇರಿ, ಡಬ್ಬಿಯನ್ನು ಅಜ್ಜಿಯ ನೀರಿನ ಗಡಿಗೆಗಳ ನಡುವೆ ಇಟ್ಟೆವು.

ಅಪ್ಪಾಜಿ ಈ ಸಲ ಅರ್ಧ ಎಕರೆ ಕೊಡಲಿಲ್ಲ. ಎಂಟು ಸಾಲು ಕೊಟ್ಟರು. ಉಳಿದದ್ದು ಅಲಸಂದೆ. ನ್ಯಾಯವೇ. ಎಂಟರಲ್ಲಿ ನಾಲ್ಕು ಸಾಲು ಪಾಕೆಟ್ ಲೇಪಿಸಿದ ಬೀಜ, ನಾಲ್ಕು ಸಾಲು ಬರೀ ಬೀಜ, ನಡುವೆ ಅಲಸಂದೆಯ ಅಕ್ಕಡಿ. ಬರೀ ಬೀಜವನ್ನು ಮೊದಲು ಬಿತ್ತಿದೆವು, ಇಲ್ಲದಿದ್ದರೆ ಕೈಗೆ ಅಂಟಿದ ಬ್ಯಾಕ್ಟೀರಿಯಾ ಅಲ್ಲಿಗೂ ಹೋಗುತ್ತದೆ. ಬೆಲ್ಲದ ಪಾಕ ಪೂರ್ತಿ ಆರಿದ ಮೇಲೆ ಪುಡಿ ಕಲಸಿದೆವು. ನೆರಳಲ್ಲಿ ಗೋಣಿಚೀಲದ ಮೇಲೆ ಬೀಜ ಹರಡಿದರೆ ಅರ್ಧ ಗಂಟೆಯಲ್ಲಿ ಊರಿನ ಇರುವೆಗಳೆಲ್ಲ ಹಾಜರ್. ಅಜ್ಜಿ ಚೀಲದ ಸುತ್ತ ಬೂದಿಯ ಗೆರೆ ಎಳೆದರು. ಬೂದಿ ಬೀಜಕ್ಕೆ ತಾಗಿದರೆ ಏನಾಗಬಹುದು ಅಂತ ಬೆಂಗಳೂರಿನವಳು ಬಾಯಿ ತೆರೆದಳು, ಹಾಗೇ ಮುಚ್ಚಿದಳು.

ಆ ವರ್ಷ ಮಳೆ ಕೈ ಕೊಡಲಿಲ್ಲ. ಜುಲೈ ಕೊನೆಗೆ ಡ್ಯಾಮಿನ ಗೇಟು ತೆಗೆದಾಗ ಊರೇ ನೋಡೋಕೆ ಹೋಗಿತ್ತು. ನಾವು ಕಳೆ ಕೀಳ್ತಿದ್ದೆವು, ಮಾತು ಕೊಟ್ಟಿದ್ದೆವಲ್ಲ. ಸೊಂಟ ನೋವು ಅಂದ್ರೆ ಏನು ಅಂತ ಗೊತ್ತಾಯ್ತು. ಆಗಸ್ಟ್‌ನಲ್ಲಿ ಒಂದು ಭಾನುವಾರ ಅಪ್ಪಾಜಿಯೇ ಲೇಪಿಸಿದ ಸಾಲಿನಿಂದ ಒಂದು ಗಿಡವನ್ನು ಮಣ್ಣು ಸಮೇತ ಗುದ್ದಲಿಯಲ್ಲಿ ಎತ್ತಿದರು. ನೀರಲ್ಲಿ ಅಲ್ಲಾಡಿಸಿದರೆ ತಾಯಿಬೇರಿನ ಸುತ್ತ ಗೊಂಚಲು ಗೊಂಚಲು ಗಂಟು. ಒಂದನ್ನು ಹೆಬ್ಬೆರಳ ಉಗುರಿನಲ್ಲಿ ಸೀಳಿದರು. ಒಳಗೆ ಕೆಂಪು. ‘ರಕ್ತ ಐತಲ್ಲೋ’ ಅಂದರು ಅಜ್ಜಿ. ಅದು ಹೆಚ್ಚುಕಮ್ಮಿ ನಿಜವೇ. ಸಾರಜನಕ ಹಿಡಿಯುವ ಕಿಣ್ವ ನೈಟ್ರೋಜಿನೇಸ್‌ಗೆ ಆಮ್ಲಜನಕ ಆಗಿ ಬರಲ್ಲ, ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಆ ಪೇಚಿಗೆ ಗಿಡ ಲೆಗ್‌ಹೀಮೋಗ್ಲೋಬಿನ್ ತಯಾರಿಸುತ್ತದೆ. ನಮ್ಮ ರಕ್ತದ ಹೀಮೋಗ್ಲೋಬಿನ್‌ನ ಹತ್ತಿರದ ಸಂಬಂಧಿ. ಆಮ್ಲಜನಕವನ್ನು ಹಿಡಿದುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಕೆಂಪಿದ್ದರೆ ಗಂಟು ಕೆಲಸ ಮಾಡ್ತಿದೆ ಅಂತ, ಹಸಿರೋ ಕಂದೋ ಆಗಿದ್ದರೆ ಕೆಲಸ ಮುಗಿದಿದೆ ಅಂತ. ಇದನ್ನು ನೋಡೋಕೆ ಯಾವ ಸೆನ್ಸರೂ ಬೇಡ, ಉಗುರು ಸಾಕು. ಹಿಂದಿನ ವರ್ಷ ಫೋನಿನಲ್ಲಿ ನಾವು ಹೇಳಬೇಕಾಗಿದ್ದ ಮಾತು ಇದೇ.

ಬರದ ವಿಷಯಕ್ಕೆ ಬಂದರೆ ನಮ್ಮ ಗ್ರಾಫ್ ನಮ್ಮನ್ನೇ ಅಣಕಿಸಿತು. ಸೆಪ್ಟೆಂಬರ್‌ನಲ್ಲಿ ಕೆಲವು ದಿನ ಮಳೆ ಬಿಟ್ಟಿತು. ಆ ದಿನಗಳಲ್ಲಿ ಲೇಪಿಸಿದ ಸಾಲುಗಳಲ್ಲಿ ಮಣ್ಣಿನ ತೇವ ಜಾಸ್ತಿ ಉಳಿಯುತ್ತೆ ಅಂತ ನಾವು ಕಾದಿದ್ದೆವು. ಉಲ್ಟಾ ಆಯ್ತು, ಅಲ್ಲೇ ತೇವ ಬೇಗ ಇಳಿಯಿತು. ಮೊದಲು ಸೆನ್ಸರ್ ಕೆಟ್ಟಿದೆ ಅಂದುಕೊಂಡೆವು (ಹಿಂದಿನ ವರ್ಷದ ಎರಡು ಕಡ್ಡಿಯ ಅಗ್ಗದ ಸೆನ್ಸರ್ ತುಕ್ಕು ತಿಂದು ಹೋಗಿತ್ತು, ಹಾಗಾಗಿ ಅನುಮಾನ ಸಹಜ). ಅಪ್ಪಾಜಿ ಗ್ರಾಫ್ ನೋಡಿ, ‘ದೊಡ್ಡ ಗಿಡ ಜಾಸ್ತಿ ಕುಡೀತದೆ, ಅದ್ರಲ್ಲೇನೈತೆ?’ ಅಂದರು. ಗೈಡ್‌ಗೆ ಎರಡು ವಾರ ಹಿಡಿದ ಉತ್ತರ. ಬೇರಿಲ್ಲದ ಹಳದಿ ಗಿಡ ನೀರು ಉಳಿಸ್ತಿರಲಿಲ್ಲ, ಕುಡಿಯಲು ಆಗದೆ ಬಿಟ್ಟಿತ್ತು. ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಲ್ಲುವುದು ಲೇಪಿಸಿದ ಸಾಲಿನಲ್ಲೇ ಚೆನ್ನಾಗಿ ಕಾಣ್ತಿತ್ತು. ನಾಲ್ಕು ಸಾಲಿನಿಂದ ಏನನ್ನೂ ಸಾಧಿಸಿದಂತಾಗಲ್ಲ ಅಂತ ನಮಗೂ ಗೊತ್ತು. ಅದರಲ್ಲೂ ಒಂದು ಸಾಲನ್ನು ಹಂದಿ ತಿಂದು ಹೋಗಿತ್ತು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬರ ಬಂದಾಗ ಮೊದಲು ನಿಲ್ಲೋದೇ ಸೋಯಾದ ಸಾರಜನಕ ಕಾರ್ಖಾನೆ. ಎಲೆಯ ಕೆಲಸ ಇನ್ನೂ ನಡೆಯುತ್ತಿರುವಾಗಲೇ ಗಂಟಿಗೆ ಆಮ್ಲಜನಕ ಹೋಗುವುದು ಕಡಿಮೆಯಾಗುತ್ತದೆ, ತಯಾರಾದ ಯೂರೈಡ್ ಎಂಬ ವಸ್ತು ಸಾಗದೆ ರಾಶಿ ಬೀಳುತ್ತದೆ, ಗಂಟು ಬಾಗಿಲು ಹಾಕುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಇದ್ದರೆ ಬರ ಓಡಿಹೋಗುತ್ತೆ ಅನ್ನೋದು ಸುಳ್ಳು. ಆದರೆ ಎಲ್ಲ ಬ್ಯಾಕ್ಟೀರಿಯಾ ಒಂದೇ ಅಲ್ಲ. ಬಾಯಾರಿದ ಗಿಡ ಎಥಿಲೀನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡಿಕೊಂಡು ತನ್ನ ಬೇರನ್ನೇ ಮೊಟಕು ಮಾಡಿಕೊಳ್ಳುತ್ತದೆ, ಗಾಬರಿಬಿದ್ದ ಮನುಷ್ಯ ಇದ್ದಬದ್ದ ಅಂಗಡಿ ಮುಚ್ಚಿದ ಹಾಗೆ. ಬೇರಿನ ಸುತ್ತ ಇರುವ ಕೆಲವು ಬ್ಯಾಕ್ಟೀರಿಯಾಗಳು ಎಥಿಲೀನ್ ಆಗುವ ಮೊದಲಿನ ಕಚ್ಚಾವಸ್ತುವನ್ನೇ ತಿಂದು ಆ ಗಾಬರಿ ಇಳಿಸುತ್ತವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ಇದನ್ನು ವಿವರಿಸಿದವರು. ಇನ್ನು ಕೆಲವು ಟ್ರೆಹಲೋಸ್ ಎಂಬ ಸಕ್ಕರೆ ಕೂಡಿಟ್ಟುಕೊಂಡು ಒಣಗಿನಲ್ಲೂ ಬದುಕುತ್ತವೆ. ಕೆಲವು ಅಂಟು ಬಿಟ್ಟು ಬೇರಿನ ಸುತ್ತ ಮಣ್ಣು ಮತ್ತು ತೇವ ಹಿಡಿದಿಡುತ್ತವೆ.

ಈಗ ಚಳಿ. 2025ರ ಮೇ ತಿಂಗಳ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೊದಲ ಸ್ಲೈಡ್ ನೋಡಿಯೇ, ‘ಲಕ್ಕವಳ್ಳಿಯಲ್ಲಿ ಹಿಮ ಬೀಳುತ್ತೇನ್ರಪ್ಪಾ?’ ಅಂದರು. ನಮ್ಮ ಪುಣ್ಯಕ್ಕೆ ಸೋಮಾರಿತನ ಕೈ ಹಿಡಿಯಿತು. ಸೋಯಾ ಕಟಾವಾದ ಮೇಲೂ ಬಾಕ್ಸ್ ಬಿಚ್ಚಿ ತರದೆ ಹೊಲದಲ್ಲೇ ಬಿಟ್ಟಿದ್ದೆವು. ಅದು ಜನವರಿಯಲ್ಲಿ ಬ್ಯಾಟರಿ ಸಾಯುವವರೆಗೂ ಮಣ್ಣಿನ ಉಷ್ಣಾಂಶ ಬರೆಯುತ್ತಲೇ ಇತ್ತು. ಹಿನ್ನೀರಿನ ಮಂಜು ಕವಿದ ಡಿಸೆಂಬರ್ ಬೆಳಗಿನ ಜಾವಗಳಲ್ಲಿ 18 ಡಿಗ್ರಿ ಹತ್ತಿರ. ಕೆನಡಾಕ್ಕೆ ಹೋಲಿಸಿದರೆ ಇದು ಬೇಸಿಗೆ. ಆದರೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಫೆಂಗ್ ಝಾಂಗ್ ಮತ್ತು ಡೊನಾಲ್ಡ್ ಸ್ಮಿತ್ 1990ರ ದಶಕದಲ್ಲಿ ಕಂಡುಕೊಂಡ ಪ್ರಕಾರ, ಬೇರಿನ ಬಳಿ 25 ಡಿಗ್ರಿಯಿಂದ ಕೆಳಗಿಳಿದರೆ ಸಾಕು, ಸೋಯಾದಲ್ಲಿ ಗಂಟಿನ ಕೆಲಸ ತಡವಾಗುತ್ತಾ ಹೋಗುತ್ತದೆ. 17ಕ್ಕಿಂತ ಕೆಳಗೆ ಆ ತಡ ಇನ್ನೂ ಜೋರು. ತಣ್ಣಗಿನ ಮಣ್ಣಿನಲ್ಲಿ ಆ ಹ್ಯಾಂಡ್‌ಶೇಕೇ ಕೈಕೊಡುತ್ತದೆ. ಅವರು ಮಾಡಿದ ಉಪಾಯ ನಮಗೆ ತುಂಬ ಇಷ್ಟವಾಯ್ತು. ಬ್ಯಾಕ್ಟೀರಿಯಾಕ್ಕೆ ಮೊದಲೇ ಜೆನಿಸ್ಟೀನ್ ಬೆರೆಸಿಟ್ಟರು. ಬೇರು ಕರೆಯುವವರೆಗೆ ಕಾಯುವುದೇ ಬೇಡ, ಕರೆ ಆಗಲೇ ಬಂದಿದೆ ಅಂದುಕೊಂಡು ಬ್ಯಾಕ್ಟೀರಿಯಾ ಉತ್ತರ ರೆಡಿ ಮಾಡಿಕೊಂಡೇ ಮಣ್ಣಿಗಿಳಿಯುತ್ತದೆ. ಚಳಿಯ ಮಣ್ಣಿನಲ್ಲೂ ಗಂಟು ಬೇಗ ಕಟ್ಟಿತು.

ಅದೇ ಡಿಸೆಂಬರ್‌ನಲ್ಲಿ, ಅದೇ 18 ಡಿಗ್ರಿಯಲ್ಲಿ, ಬಾಕ್ಸಿನಿಂದ ಎರಡು ಮಾರು ದೂರದಲ್ಲಿ ಅಮ್ಮನ ಅವರೆ ಸೊನೆ ಬಿಟ್ಟು ಘಮ್ಮೆನ್ನುತ್ತಿತ್ತು. ಅದಕ್ಕೆ ಯಾರೂ ಏನೂ ಬೆರೆಸಿಟ್ಟಿರಲಿಲ್ಲ. ಪರೀಕ್ಷಕರಿಗೆ ಇದನ್ನೂ ಹೇಳಿದೆವು. ‘ಹಾಗಾದ್ರೆ ಸೋಯಾ ಯಾಕೆ ಬೇಕು?’ ಅಂದರು. ಒಳ್ಳೆ ಪ್ರಶ್ನೆ. ಬೈಲಹೊಂಗಲದವನು ರೊಕ್ಕದ ಲೆಕ್ಕ ಹೇಳಿದ, ಹಾಸನದವಳು ಅಕ್ಕಡಿಯ ಲೆಕ್ಕ ಹೇಳಿದಳು. ವೈವಾದಲ್ಲೇ ನಾವು ನಾವೇ ಜಗಳ ಆಡಿದ ಏಕೈಕ ತಂಡ ಅಂತ ಆಮೇಲೆ ಡಿಪಾರ್ಟ್‌ಮೆಂಟಿನಲ್ಲಿ ಸುದ್ದಿಯಾಯ್ತು. ಮಾರ್ಕ್ಸ್ ಸಾಧಾರಣ ಬಂತು. ಆ ಜಗಳ ಇನ್ನೂ ಮುಗಿದಿಲ್ಲ.

ಬೋರ್‌ವೆಲ್ ಮಾತು ಆ ಮನೆಯಲ್ಲಿ ಸದ್ಯಕ್ಕೆ ನಿಂತಿದೆ, ನಮ್ಮಿಂದೇನೂ ಅಲ್ಲ. ಪಕ್ಕದ ಹೊಲದವರು ಎರಡು ಕೊರೆಸಿ ಎರಡೂ ಬರೀ ಧೂಳು ಬಂತು, ಅದಕ್ಕೆ.

ಮೊನ್ನೆ ಜೂನ್‌ನಲ್ಲಿ ಬಾಕ್ಸ್ ವಾಪಸ್ ತರಲು ಕೊನೆಯ ಸಲ ಹೋದೆವು. ಅಪ್ಪಾಜಿ ಮನೆಯಲ್ಲಿರಲಿಲ್ಲ, ಹೊಲಕ್ಕೆ ಹೋದೆವು. ಹೋದ ವರ್ಷ ಲೇಪಿಸಿದ ಸಾಲುಗಳಿದ್ದ ಜಾಗದಿಂದ ಮೇಲ್ಮಣ್ಣು ಕೆರೆದು ಬಾಂಡ್ಲಿಗೆ ತುಂಬುತ್ತಿದ್ದರು. ಆಚೆ ಮೂಲೆಯಲ್ಲಿ ಹೊಸದಾಗಿ ಆರು ಸಾಲು ಹೊಡೆದಿದ್ದರು. ಏನು ಅಂತ ಕೇಳಿದೆವು. ‘ಹುಳ ಇಲ್ಲಿ ಸೇರ್ಕೊಂಡೈತಲ್ಲ. ಅಲ್ಲಿಗೆ ಒಂದಿಷ್ಟು ಮಣ್ಣು ಚೆಲ್ಲಿದ್ರೆ ಆಯ್ತು. ಹಾಲಿಗೆ ಹೆಪ್ಪು ಹಾಕಲ್ವಾ ಹಂಗೆ’ ಅಂದರು. ಪಾಕೆಟ್ ಮಾರುಕಟ್ಟೆಗೆ ಬರುವ ಮುಂಚೆ ಬೇರೆ ದೇಶಗಳ ರೈತರು ಮಾಡ್ತಿದ್ದದ್ದೂ ಇದನ್ನೇ ಅಂತ ನಾವು ರಿಪೋರ್ಟಿನ ಎರಡನೇ ಅಧ್ಯಾಯದಲ್ಲಿ ಬರೆದಿದ್ದೆವು. ಅವರಿಗೆ ಆ ಅಧ್ಯಾಯ ನಾವು ಓದಿ ಹೇಳಿರಲಿಲ್ಲ.

ಬೈಲಹೊಂಗಲದವನು ಬಾಂಡ್ಲಿ ಎತ್ತಲು ಹೋದ. ಅಪ್ಪಾಜಿ ತಡೆದು, ಒಂದು ಒದ್ದೆ ಗೋಣಿತಾಟು ತಂದು ಮೇಲೆ ಮುಚ್ಚಿದರು.

‘ಬಿಸ್ಲು ತಾಗ್ಬಾರ್ದು’ ಅಂದರು, ನಮ್ಮ ಕಡೆ ನೋಡದೆ.